ಯಾರ ತಾಯ್ನುಡಿಯೂ ಅಲ್ಲದ ಭಾಷೆಯಲ್ಲಿ ಕೊನೆಯ ದಿನ

ಮಾತನಾಡುವ ಲ್ಯಾಟಿನ್ ಶಿಬಿರಕ್ಕೆ ಸೇರುವವರು ಆರಂಭದಲ್ಲಿಯೇ ಒಂದು ಪ್ರತಿಜ್ಞೆ ಮಾಡುತ್ತಾರೆ: ಶಿಬಿರ ಮುಗಿಯುವವರೆಗೆ ಲ್ಯಾಟಿನ್ ಬಿಟ್ಟು ಬೇರೆ ಯಾವ ಭಾಷೆಯಲ್ಲಿಯೂ ಪರಸ್ಪರ ಮಾತನಾಡುವುದಿಲ್ಲ. ಇದು ತರಗತಿಗೆ ಮಾತ್ರ ಸಂಬಂಧಿಸಿದ ನಿಯಮವಲ್ಲ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ, ಊಟಕ್ಕೆ ಕುಳಿತಾಗ, ಸಂಜೆ ನಡೆದಾಡಲು ಹೊರಟಾಗ, ರಾತ್ರಿ ದೀಪ ಆರಿಸುವ ಮುಂಚೆ ಕೋಣೆಯ ಜೊತೆಗಾರರೊಡನೆ ಆಡುವ ಒಂದೆರಡು ಮಾತಿಗೂ ಅದು ಅನ್ವಯಿಸುತ್ತದೆ. ಮನೆಯವರೊಂದಿಗೆ ಫೋನಿನಲ್ಲಿ ಮಾತನಾಡಬೇಕಾದವರು ಉಳಿದವರ ಕಿವಿಗೆ ಬೀಳದಷ್ಟು ದೂರ ಹೋಗಿ ಮಾತು ಮುಗಿಸಿಕೊಂಡು ಬರುತ್ತಾರೆ. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಈ ಪ್ರತಿಜ್ಞೆಯಿಂದ ಎಲ್ಲರಿಗೂ ಬಿಡುಗಡೆಯಾಗುತ್ತದೆ. ಆಗ ಜನರ ನಡುವೆ ಏನೇನು ಬದಲಾಗುತ್ತದೆ ಎಂಬುದನ್ನು ಅಮೆರಿಕದ ಹಳ್ಳಿಗಾಡಿನಲ್ಲಿ ನಡೆದ ಅಂಥದೊಂದು ಶಿಬಿರದಲ್ಲಿ ಕಂಡುಬಂದ ಮೇಲೆ, ಅಲ್ಲಿ ಕಲಿತ ಪಾಠಗಳಿಗಿಂತಲೂ ಆ ಬದಲಾವಣೆಯೇ ನನ್ನ ಮನಸ್ಸಿನಲ್ಲಿ ಹೆಚ್ಚಾಗಿ ಉಳಿದಿದೆ.

ಇಂಥ ಶಿಬಿರಗಳ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಲ್ಯಾಟಿನ್ ಎಂದರೆ ಓದುವ ಭಾಷೆ, ಅದರಲ್ಲಿ ಮಾತನಾಡಲು ಹೊರಡುವುದು ಕೆಲವರ ವಿಚಿತ್ರ ಹವ್ಯಾಸ ಎಂದು ತಿಳಿದವರೇ ಹೆಚ್ಚು. ಆದರೆ 1902ರಿಂದ 1928ರವರೆಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪರ್ಸ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಡಬ್ಲ್ಯು. ಎಚ್. ಡಿ. ರೌಸ್ ಅವರು ಮಕ್ಕಳಿಗೆ ಲ್ಯಾಟಿನ್ನನ್ನು ಲ್ಯಾಟಿನ್ನಿನಲ್ಲಿಯೇ ಮಾತನಾಡಿ ಕಲಿಸುವ ಪದ್ಧತಿಯನ್ನು ತಂದಿದ್ದರು. 1956ರಲ್ಲಿ ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ಜೀವಂತ ಲ್ಯಾಟಿನ್ನಿಗಾಗಿಯೇ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿ, ವ್ಯಾಟಿಕನ್ನಿನಲ್ಲಿ ಪೋಪರ ಲ್ಯಾಟಿನ್ ಬರಹಗಳನ್ನು ಸಿದ್ಧಪಡಿಸುತ್ತ ದಶಕಗಳನ್ನು ಕಳೆದ ಕಾರ್ಮೆಲೈಟ್ ಸನ್ಯಾಸಿ ರೆಜಿನಾಲ್ಡ್ ಫಾಸ್ಟರ್ ಅವರು ಪ್ರತಿ ಬೇಸಿಗೆಯಲ್ಲಿ ರೋಮಿನಲ್ಲಿ ಶುಲ್ಕವಿಲ್ಲದೆ ಪಾಠ ಹೇಳುತ್ತಿದ್ದರು. 2020ರ ಕ್ರಿಸ್‌ಮಸ್ ದಿನ ಅವರು ತೀರಿಕೊಂಡರು; ಅವರ ಶಿಷ್ಯರಲ್ಲಿ ಅನೇಕರು ಇಂದು ಬೇರೆ ಬೇರೆ ದೇಶಗಳಲ್ಲಿ ಮಾತನಾಡುವ ಲ್ಯಾಟಿನ್ನನ್ನು ಕಲಿಸುತ್ತಿದ್ದಾರೆ. ಟೆರೆನ್ಸ್ ಟನ್‌ಬರ್ಗ್ ಅವರು 1996ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ಸಂಭಾಷಣಾ ಕೂಟವನ್ನು ಆರಂಭಿಸಿದರು. ನ್ಯಾನ್ಸಿ ಲೆವೆಲಿನ್ ಅವರು 1997ರಲ್ಲಿ ಸ್ಥಾಪಿಸಿದ ‘ಸಾಲ್ವಿ’ ಸಂಸ್ಥೆಯು ಜನರೆಲ್ಲ ಒಂದೇ ಮನೆಯಲ್ಲಿ ಉಳಿದು, ಅಡುಗೆ ಮಾಡಿಕೊಂಡು, ಲ್ಯಾಟಿನ್ನಿನಲ್ಲಿಯೇ ದಿನ ಕಳೆಯುವ ಶಿಬಿರಗಳನ್ನು ನಡೆಸುತ್ತ ಬಂದಿದೆ. ಇಟಲಿಯ ಫ್ರಾಸ್ಕಾತಿಯಲ್ಲಿ ಲುಯಿಜಿ ಮಿರಾಲ್ಯಾ ಅವರ ‘ವಿವಾರಿಯುಂ ನೋವುಂ’ ಸಂಸ್ಥೆಯ ವಿದ್ಯಾರ್ಥಿಗಳಿಗಂತೂ ಇದು ಬೇಸಿಗೆಯ ಮಾತಲ್ಲ. ಅವರು ಇಡೀ ಶೈಕ್ಷಣಿಕ ವರ್ಷವನ್ನು ಈ ಭಾಷೆಯಲ್ಲಿಯೇ ಬದುಕುತ್ತಾರೆ.

ಕೊನೆಯ ದಿನದ ಬೆಳಗ್ಗೆ ಅಡುಗೆಮನೆಯಲ್ಲಿ ಹೆಚ್ಚಿನ ಸದ್ದಿತ್ತು. ಮಿಕ್ಕ ಹಾಲು, ಹಣ್ಣು, ರೊಟ್ಟಿಗಳನ್ನು ಏನು ಮಾಡಬೇಕು, ಯಾರ ಪಾತ್ರೆ ಯಾವುದು, ಚಾದರಗಳನ್ನು ಎಲ್ಲಿ ಮಡಿಚಿಡಬೇಕು, ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬ ಮಾತುಗಳೆಲ್ಲ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದವು. ಶಿಬಿರದ ಮೊದಲ ದಿನಗಳಲ್ಲಿ ಇದೇ ಜನ ಉಪ್ಪು ಕೇಳುವುದಕ್ಕೂ ತಡವರಿಸುತ್ತಿದ್ದರು. ಆಗ ಮಧ್ಯಾಹ್ನದ ವೇಳೆಗೆ ತಲೆನೋವು ಬರುತ್ತಿತ್ತು, ಸಂಜೆಯಾಗುತ್ತಿದ್ದಂತೆ ಮಾತು ನಿಂತುಹೋಗುತ್ತಿತ್ತು. ವ್ಯಾಕರಣದಲ್ಲಿ ಪಾರಂಗತರಾದವರಿಗೇ ಈ ಕಷ್ಟ ಹೆಚ್ಚಾಗಿತ್ತು ಎಂಬುದನ್ನು ನಾನು ಗಮನಿಸಿದ್ದೇನೆ. ಅವರು ಬಾಯಿ ತೆರೆಯುವ ಮೊದಲೇ ಮನಸ್ಸಿನಲ್ಲಿ ವಿಭಕ್ತಿಯನ್ನೂ ಕ್ರಿಯಾರೂಪವನ್ನೂ ಪರೀಕ್ಷಿಸಿ ನೋಡುತ್ತಿದ್ದರು; ಅಷ್ಟರಲ್ಲಿ ಮಾತು ಮುಂದಿನ ವಿಷಯಕ್ಕೆ ಹೋಗಿರುತ್ತಿತ್ತು. ಕೊನೆಯ ಬೆಳಗ್ಗೆ ಆ ಪರೀಕ್ಷೆ ಉಳಿದಿರಲಿಲ್ಲ. ತಪ್ಪು ರೂಪಗಳು ಇನ್ನೂ ಬರುತ್ತಿದ್ದವು, ಆದರೆ ಕೇಳುವವರು ಸರಿಯಾದ ರೂಪವನ್ನು ತಮ್ಮ ಉತ್ತರದಲ್ಲಿ ಸೇರಿಸಿ ಹೇಳುತ್ತಿದ್ದರು, ಮಾತಿನ ಓಟ ನಿಲ್ಲುತ್ತಿರಲಿಲ್ಲ. ತಿದ್ದುವ ಕೆಲಸವನ್ನು ಇಷ್ಟು ಸೌಜನ್ಯದಿಂದ ಮಾಡಿದ ಬೇರೆ ಪಾಠಶಾಲೆಯನ್ನು ನಾನು ಕಂಡಿಲ್ಲ.

ಲ್ಯಾಟಿನ್ ಮಾತನಾಡುತ್ತೇವೆ ಎಂದ ಕೂಡಲೇ ಹೊರಗಿನವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಹೊಸ ವಸ್ತುಗಳ ಬಗ್ಗೆ ಇರುತ್ತದೆ: ಕಂಪ್ಯೂಟರಿಗೆ ಏನೆನ್ನುತ್ತೀರಿ, ವಿಮಾನಕ್ಕೆ ಏನೆನ್ನುತ್ತೀರಿ? ನಿಜವಾಗಿ ಇವು ಕಷ್ಟದ ವಿಷಯಗಳೇ ಅಲ್ಲ. ‘ಕಂಪುತಾತ್ರುಂ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಫಿನ್‌ಲೆಂಡಿನ ಸರ್ಕಾರಿ ರೇಡಿಯೊ 1989ರಿಂದ 2019ರವರೆಗೆ ಲ್ಯಾಟಿನ್ನಿನಲ್ಲಿ ವಾರ್ತೆಗಳನ್ನು ಪ್ರಸಾರ ಮಾಡಿದ್ದರಿಂದ ಆಧುನಿಕ ಜಗತ್ತಿನ ಪದಗಳಿಗೆ ಬಳಕೆಯ ಆಧಾರವೂ ಇದೆ. ಕಷ್ಟವಿರುವುದು ಹಳೆಯ, ಸಣ್ಣ ಕೆಲಸಗಳಲ್ಲಿ. ಡಬ್ಬಿಯ ಮುಚ್ಚಳ ಸಿಕ್ಕಿಹಾಕಿಕೊಂಡಿದೆ, ಹಾಲು ಉಕ್ಕಿತು, ಬಾಗಿಲನ್ನು ಸ್ವಲ್ಪ ಓರೆ ಮಾಡು ಎಂಬ ಮಾತುಗಳನ್ನು ರೋಮಿನ ಮನುಷ್ಯ ಪ್ರತಿದಿನ ಆಡಿರಲೇಬೇಕು. ಆದರೆ ನಮ್ಮ ಕೈಗೆ ಬಂದಿರುವ ಸಾಹಿತ್ಯದಲ್ಲಿ ಸೆನೆಟ್ಟಿನ ಭಾಷಣಗಳಿವೆ, ಯುದ್ಧದ ವರ್ಣನೆಗಳಿವೆ, ಅಡುಗೆಮನೆಯ ಮಾತು ಬಹಳ ವಿರಳ. ಪ್ರಾಚೀನ ರೋಮಿನ ನಾಟಕಕಾರರಾದ ಪ್ಲಾಟಸ್ ಮತ್ತು ಟೆರೆನ್ಸರ ಪ್ರಹಸನಗಳಲ್ಲಿ ಅದು ಅಷ್ಟಿಷ್ಟು ಸಿಗುತ್ತದೆ. ಹುಡುಗರು ಶಾಲೆಯಲ್ಲಿಯೂ ಆಟದಲ್ಲಿಯೂ ಲ್ಯಾಟಿನ್ ಮಾತನಾಡಲಿ ಎಂದು ಎರಾಸ್ಮಸ್ ಬರೆದ ಸಂಭಾಷಣೆಗಳು 1518ರಲ್ಲಿ ಮೊದಲು ಅಚ್ಚಾದವು. ಇಂದಿಗೂ ಶಿಬಿರಕ್ಕೆ ಬರುವ ಶಿಕ್ಷಕರು ಅವುಗಳಿಂದ ನುಡಿಗಟ್ಟುಗಳನ್ನು ಆರಿಸಿ ತರುತ್ತಾರೆ. ಪದ ಸಿಗದ ಕಡೆ ಸುತ್ತಿಬಳಸಿ ಹೇಳುವುದನ್ನು ಎಲ್ಲರೂ ರೂಢಿಸಿಕೊಂಡಿದ್ದರು, ಮತ್ತು ಸುತ್ತಿಬಳಸಿದ ಆ ವಿವರಣೆಗಳನ್ನು ಊಹಿಸಿ ಅರ್ಥಮಾಡಿಕೊಳ್ಳುವಾಗ ಎದುರಿಗಿದ್ದವರ ಮುಖವನ್ನು ನೋಡದೆ ಬೇರೆ ದಾರಿಯಿರಲಿಲ್ಲ. ದಿನಗಟ್ಟಲೆ ಜನ ಒಬ್ಬರನ್ನೊಬ್ಬರು ಇಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಬೇರೆಡೆ ನೋಡಿಲ್ಲ.

ಬೆಳಗಿನ ಕೊನೆಯ ತರಗತಿಯಲ್ಲಿ ಓದಿದ್ದು ರೋಮಿನ ಕವಿ ಕ್ಯಾಟಲ್ಲಸ್‌ನ ಚಿಕ್ಕ ಕವಿತೆ. ಕ್ರಿಸ್ತಪೂರ್ವ 57–56ರ ಸುಮಾರಿಗೆ ಅವನು ರಾಜ್ಯಪಾಲನೊಬ್ಬನ ಪರಿವಾರದಲ್ಲಿ ಬಿಥಿನಿಯಾಕ್ಕೆ, ಅಂದರೆ ಇಂದಿನ ತುರ್ಕಿಯ ವಾಯವ್ಯ ಭಾಗಕ್ಕೆ, ಹೋಗಿದ್ದ. ವಸಂತ ಬಂದು ಮರಳುವ ಕಾಲ ಒದಗಿದಾಗ ಜೊತೆಗಾರರಿಗೆ ವಿದಾಯ ಹೇಳಿ ಬರೆದ ಕವಿತೆ ಅದು. ಹನ್ನೊಂದು ಅಕ್ಷರಗಳ ಹನ್ನೊಂದು ಸಾಲುಗಳು. ಲಘು ಗುರುಗಳ ಲೆಕ್ಕದಲ್ಲಿ ನಡೆಯುವ ಛಂದಸ್ಸಾದ್ದರಿಂದ ಸ್ವರಗಳ ಹ್ರಸ್ವ ದೀರ್ಘಗಳನ್ನು ಸರಿಯಾಗಿ ಉಚ್ಚರಿಸದಿದ್ದರೆ ಸಾಲು ಕುಸಿಯುತ್ತದೆ. ಆ ವೇಳೆಗೆ ನಮ್ಮ ನಾಲಿಗೆಗಳು ಪಳಗಿದ್ದರಿಂದ ಯಾರೂ ಕೈಬೆರಳಿನಲ್ಲಿ ಎಣಿಸಲಿಲ್ಲ. ಮನೆಯಿಂದ ಒಟ್ಟಿಗೆ ಹೊರಟವರನ್ನು ಬೇರೆ ಬೇರೆ ದಾರಿಗಳು ಮನೆಗೆ ಮರಳಿಸುತ್ತವೆ ಎಂದು ಕವಿ ಹೇಳುತ್ತಾನೆ. ಒಟ್ಟಿಗೆ ಇದ್ದುದು ಮೊದಲು ಬರುತ್ತದೆ, ದಾರಿಗಳು ಬೇರೆಯಾಗುವುದು ಕೊನೆಯ ಸಾಲಿನಲ್ಲಿ, ಮರಳಿಸುತ್ತವೆ ಎಂಬ ಕ್ರಿಯಾಪದ ಎಲ್ಲಕ್ಕಿಂತ ಕೊನೆಗೆ.

ಈ ಕವಿತೆಯನ್ನು ನಾನು ಮುಂಚೆಯೂ ಓದಿದ್ದೆ. ಆಗ ಓದಿದ್ದು ಹೇಗೆಂದರೆ, ಮೊದಲು ಕ್ರಿಯಾಪದವನ್ನು ಹುಡುಕಿ, ಆಮೇಲೆ ಕರ್ತೃವನ್ನು ಹಿಡಿದು, ಉಳಿದ ಪದಗಳನ್ನು ಅವುಗಳ ಸುತ್ತ ಜೋಡಿಸುತ್ತ. ಲ್ಯಾಟಿನ್ ಪಾಠಶಾಲೆಗಳಲ್ಲಿ ಬಹುಕಾಲದಿಂದ ಕಲಿಸುತ್ತ ಬಂದ ವಿಧಾನವೇ ಅದು. ಆ ವಿಧಾನದಲ್ಲಿ ಕವಿ ಕಟ್ಟಿದ ಕ್ರಮ ಮೊದಲು ಮುರಿದುಹೋಗುತ್ತದೆ, ಅರ್ಥ ಆಮೇಲೆ ಬರುತ್ತದೆ. ಕ್ರಿಯಾಪದ ಕೊನೆಗೆ ಬರುವ ವಾಕ್ಯ ಕನ್ನಡದವರಿಗೆ ಹೊಸದೇನೂ ಅಲ್ಲ. ಆದರೂ ಇಂಗ್ಲಿಷಿನ ಮೂಲಕ ಲ್ಯಾಟಿನ್ ಕಲಿತ ನನಗೆ ಅದು ಬಿಡಿಸಬೇಕಾದ ಗಂಟಾಗಿಯೇ ಕಾಣುತ್ತಿತ್ತು. ಆ ಬೆಳಗ್ಗೆ ಮಾತ್ರ ಪದಗಳು ಬಂದ ಕ್ರಮದಲ್ಲಿಯೇ ಅರ್ಥವೂ ಬಂದಿತು. ದಿನವಿಡೀ ಮಾತು ಕೇಳುವವನಿಗೆ ವಾಕ್ಯವನ್ನು ಹಿಂದೆ ಮುಂದೆ ಮಾಡಿ ನೋಡಲು ಅವಕಾಶವಿರುವುದಿಲ್ಲ, ಕಿವಿಗೆ ಬಿದ್ದಂತೆಯೇ ಅದನ್ನು ಹಿಡಿಯಬೇಕು. ಆ ಅಭ್ಯಾಸ ಓದಿಗೂ ಹರಿದುಬರುತ್ತದೆ. ಮಾತನಾಡುವ ಲ್ಯಾಟಿನ್ನಿನಿಂದ ಏನು ಪ್ರಯೋಜನ ಎಂದು ಕೇಳುವ ವಿದ್ವಾಂಸರಿಗೆ ನಾನು ಕೊಡುವ ಉತ್ತರ ಇಷ್ಟೇ: ರೋಮಿನ ಭಾಷಣಕಾರ ಸಿಸೆರೊ ತನ್ನ ವಾಕ್ಯವನ್ನು ಕೇಳುವವರಿಗಾಗಿ ಕಟ್ಟಿದ, ಅದನ್ನು ಕೇಳಬಲ್ಲವರಾಗಿ ಓದುವುದು ಹೆಚ್ಚು ನ್ಯಾಯವಾದ ಓದು.

ಆದರೆ ನನ್ನನ್ನು ಹಿಡಿದಿರುವ ವಿಷಯ ಓದಿಗಿಂತ ಬೇರೆಯದು. ಅಭಿಜಾತ ಕಾಲದ ಲ್ಯಾಟಿನ್ನಿನಲ್ಲಿ ಒಬ್ಬರನ್ನು ಕುರಿತು ಮಾತನಾಡುವಾಗ ಏಕವಚನ ಒಂದೇ ಇದೆ. ಗೌರವಕ್ಕೆ ಬಹುವಚನ ಬಳಸುವ ಪದ್ಧತಿ ಸಾಮ್ರಾಜ್ಯದ ಕೊನೆಗಾಲದಲ್ಲಿ ಬಂದದ್ದು, ಶಿಬಿರಗಳಲ್ಲಿ ಅದನ್ನು ಬಳಸುವುದಿಲ್ಲ. ಹಾಗಾಗಿ ವಿಶ್ವವಿದ್ಯಾಲಯದಲ್ಲಿ ಪೀಠವನ್ನು ಅಲಂಕರಿಸಿದ ಪ್ರಾಧ್ಯಾಪಕರನ್ನೂ, ನಿನ್ನೆ ಮೊನ್ನೆ ಪ್ರೌಢಶಾಲೆ ಮುಗಿಸಿದ ಹುಡುಗನನ್ನೂ ಒಂದೇ ಸರ್ವನಾಮದಿಂದ, ಅವರು ಶಿಬಿರಕ್ಕೆಂದು ಇಟ್ಟುಕೊಂಡ ಲ್ಯಾಟಿನ್ ಹೆಸರಿನಿಂದ ಕರೆಯುತ್ತಿದ್ದೆವು. ಹಿರಿಯರನ್ನು ಬಹುವಚನದಲ್ಲಿಯೇ ಮಾತನಾಡಿಸಿ ಬೆಳೆದ ನನಗೆ ಆರಂಭದಲ್ಲಿ ಇದು ಮುಜುಗರವಾಗಿತ್ತು. ಕೊನೆಯ ದಿನದ ಹೊತ್ತಿಗೆ ಅದರಲ್ಲಿ ದೊಡ್ಡ ಬಿಡುಗಡೆ ಕಂಡಿತ್ತು. ಸರ್ವನಾಮಕ್ಕಿಂತಲೂ ಮುಖ್ಯವಾದ ಇನ್ನೊಂದು ಸಮತೆ ಅಲ್ಲಿತ್ತು. ಲ್ಯಾಟಿನ್ ಅಲ್ಲಿದ್ದ ಯಾರಿಗೂ ತಾಯ್ನುಡಿಯಾಗಿರಲಿಲ್ಲ. ಯಾರೂ ಅದನ್ನು ಹುಟ್ಟಿನಿಂದ ಪಡೆದಿರಲಿಲ್ಲ, ಆದ್ದರಿಂದ ಯಾರ ಉಚ್ಚಾರವೂ ಪರಕೀಯವಾಗಿರಲಿಲ್ಲ. ಇಂಗ್ಲಿಷನ್ನೂ ಕಲಿತು ಪಡೆದ ನನ್ನಂಥವರಿಗೆ, ವಿದೇಶದ ಒಂದು ಕೋಣೆಯಲ್ಲಿ ಎಲ್ಲರೂ ಒಂದೇ ದೂರದಿಂದ ನಡೆದು ಬಂದ ಭಾಷೆಯಲ್ಲಿ ಮಾತನಾಡುವುದು ಎಂದರೆ ಏನೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಮ್ಮ ಜೊತೆ ಹಂಗೇರಿಯಿಂದ ಬಂದಿದ್ದ ಶಾಲಾ ಶಿಕ್ಷಕಿಯೊಬ್ಬರಿದ್ದರು. ಇಡೀ ಶಿಬಿರದಲ್ಲಿ ಅವರಷ್ಟು ಚೆನ್ನಾಗಿ ಕತೆ ಹೇಳುವವರು ಇರಲಿಲ್ಲ. ಊಟದ ಹೊತ್ತಿನಲ್ಲಿ ಅವರ ಸುತ್ತ ಜಾಗ ಹಿಡಿಯಲು ಜನ ಕಾಯುತ್ತಿದ್ದರು. ಅವರ ವಾಕ್ಯಗಳು ಚಿಕ್ಕವು, ಮಾತಿನಲ್ಲಿ ಚುರುಕು, ಯಾವ ಕಾಲದ ಕ್ರಿಯಾಪದವನ್ನು ಎಲ್ಲಿ ಇಟ್ಟರೆ ಕೇಳುಗರ ಉಸಿರು ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಅವರೇ ಒಂದು ಸಂಜೆ ತಮ್ಮ ದೇಶದ ಇತಿಹಾಸವನ್ನು ನಮಗೆ ಹೇಳಿದ್ದರು. ಹಂಗೇರಿಯ ಶಾಸನಸಭೆಯಲ್ಲಿ, ಕಾನೂನಿನಲ್ಲಿ, ಆಡಳಿತದಲ್ಲಿ 1844ರವರೆಗೆ ಲ್ಯಾಟಿನ್ನೇ ಅಧಿಕೃತ ಭಾಷೆಯಾಗಿತ್ತು. ಚಕ್ರವರ್ತಿ ಎರಡನೆಯ ಜೋಸೆಫ್ 1784ರಲ್ಲಿ ಅದರ ಬದಲು ಜರ್ಮನ್ ಭಾಷೆಯನ್ನು ತರಲು ಹೊರಟಾಗ ಬಲವಾದ ವಿರೋಧ ಎದ್ದಿತು. ಮುಂದೆ ಹಂಗೇರಿಯನ್ ಭಾಷೆ ಆ ಸ್ಥಾನಕ್ಕೆ ಬಂದಾಗ ಕ್ರೊಯೇಷಿಯದ ಪ್ರತಿನಿಧಿಗಳು ಲ್ಯಾಟಿನ್ನನ್ನೇ ಉಳಿಸಿಕೊಳ್ಳಬೇಕೆಂದು ಹೋರಾಡಿದರು; ಅವರ ಸ್ವಂತ ಸಭೆ 1847ರಲ್ಲಿ ಕ್ರೊಯೇಷಿಯನ್ ಭಾಷೆಯನ್ನು ಒಪ್ಪಿಕೊಳ್ಳುವವರೆಗೆ ಲ್ಯಾಟಿನ್ನನ್ನೇ ಬಳಸಿತು. ಹಂಗೇರಿಯನ್ನರು, ಕ್ರೊಯೇಷಿಯನ್ನರು, ಸ್ಲೊವಾಕರು, ಜರ್ಮನರು, ರೊಮೇನಿಯನ್ನರು ಬದುಕುತ್ತಿದ್ದ ರಾಜ್ಯದಲ್ಲಿ ಯಾರದೂ ಅಲ್ಲದ ಭಾಷೆಯೊಂದು ಯಾರನ್ನೂ ಕೆಳಗಿಡುತ್ತಿರಲಿಲ್ಲ ಎಂಬುದು ಅವರ ವಾದ.

ಅಂದು ರಾತ್ರಿ ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ, ನಾನೂ ಪೂರ್ತಿಯಾಗಿ ಒಪ್ಪುವುದಿಲ್ಲ. ಲ್ಯಾಟಿನ್ ಬಲ್ಲ ಶ್ರೀಮಂತರ ನಡುವೆ ಸಮತೆ ಇದ್ದಿರಬಹುದು. ಹೊಲ ಉಳುವವರಿಗೂ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೂ ಅದೇ ಭಾಷೆ ಗೋಡೆಯಾಗಿತ್ತು. ಎಲೆನಾ ಕೊರ್ನಾರೊ ಪಿಸ್ಕೋಪಿಯಾ 1678ರಲ್ಲಿ ಇಟಲಿಯ ಪಾದುವಾದಲ್ಲಿ ಲ್ಯಾಟಿನ್ನಿನಲ್ಲಿ ಪರೀಕ್ಷೆಯನ್ನು ಎದುರಿಸಿ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದದ್ದು ಇಂದಿಗೂ ಎತ್ತಿ ಹೇಳುವ ಸಂಗತಿಯಾಗಿದೆ ಎಂದರೆ, ಅಂಥವರು ಎಷ್ಟು ವಿರಳವಾಗಿದ್ದರು ಎಂದು ಊಹಿಸಬಹುದು. ಫ್ರೆಂಚ್ ಲೇಖಕ ಮಾಂಟೇನ್ ಮಗುವಾಗಿದ್ದಾಗ ಅವನ ತಂದೆ ಮನೆಯವರೆಲ್ಲ ಅವನೊಡನೆ ಲ್ಯಾಟಿನ್ ಮಾತ್ರ ಮಾತನಾಡುವಂತೆ ಏರ್ಪಾಡು ಮಾಡಿದ್ದ, ಆರು ವರ್ಷದವರೆಗೂ ಆ ಹುಡುಗನಿಗೆ ಫ್ರೆಂಚ್ ತಿಳಿದಿರಲಿಲ್ಲ. ಆದರೆ ಅದಕ್ಕೆ ಸಿರಿವಂತ ಮನೆತನವೂ, ಸಂಬಳದ ಉಪಾಧ್ಯಾಯರೂ ಬೇಕಾಗಿದ್ದರು. ಲ್ಯಾಟಿನ್ನಿನ ಈಗಿನ ಸಮತೆ ಅದರ ಹುಟ್ಟುಗುಣವಲ್ಲ. ಸೈನ್ಯ, ನ್ಯಾಯಾಲಯ, ವಿಶ್ವವಿದ್ಯಾಲಯ ಇವೆಲ್ಲ ಒಂದೊಂದಾಗಿ ಅದನ್ನು ಬಿಟ್ಟುಹೋದ ಮೇಲೆ, ಅದರಿಂದ ಯಾರಿಗೂ ಅಧಿಕಾರ ಸಿಗದಂತಾದ ಮೇಲೆ ಬಂದದ್ದು. ಹೊಸ ಸಸ್ಯವೊಂದಕ್ಕೆ ಹೆಸರಿಡಬೇಕಾದರೆ ಅದರ ವಿವರಣೆಯನ್ನು ಲ್ಯಾಟಿನ್ನಿನಲ್ಲಿಯೇ ಬರೆಯಬೇಕು ಎಂಬ ಸಸ್ಯಶಾಸ್ತ್ರಜ್ಞರ ನಿಯಮ ಕೂಡ 2012ರ ಜನವರಿಯಿಂದ ಸಡಿಲವಾಯಿತು. ಇಂದು ಲ್ಯಾಟಿನ್ ಮಾತನಾಡಲು ಬರುವವರು ಪ್ರೀತಿಯಿಂದ ಮಾತ್ರ ಬರುತ್ತಾರೆ, ಮತ್ತು ಶಿಬಿರದಲ್ಲಿ ನಾನು ಕಂಡ ಸಮತೆ ನಿಂತಿರುವುದು ಆ ಪ್ರೀತಿಯ ಮೇಲೆ.

ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಅಂಗಳದಲ್ಲಿ ಸೇರಿದೆವು. ಶಿಬಿರವನ್ನು ನಡೆಸಿದವರು ಚಿಕ್ಕದೊಂದು ಭಾಷಣ ಮಾಡಿ, ಒಬ್ಬೊಬ್ಬರಿಗೂ ‘ವಲೇ’ ಎಂದು ವಿದಾಯ ಹೇಳಿ, ಪ್ರತಿಜ್ಞೆ ಮುಗಿಯಿತು ಎಂದರು. ಕೆಲವು ಕ್ಷಣ ಯಾರೂ ಬಾಯಿ ತೆರೆಯಲಿಲ್ಲ. ಆಮೇಲೆ ಇಂಗ್ಲಿಷ್ ಬಂದಿತು, ಬಂದದ್ದು ಒಮ್ಮೆಲೇ. ಇಂಗ್ಲಿಷ್ ತಾಯ್ನುಡಿಯಾದವರ ಮಾತಿಗೆ ಇದ್ದಕ್ಕಿದ್ದಂತೆ ವೇಗ ಬಂದಿತು. ಅಲ್ಲಿಯವರೆಗೆ ನಿಧಾನವಾಗಿ, ಯೋಚಿಸಿ ಮಾತನಾಡುತ್ತಿದ್ದ ಮನುಷ್ಯರು ಹಾಸ್ಯ ಚಟಾಕಿ ಹಾರಿಸಿದರು, ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧದಲ್ಲಿ ಎತ್ತಿಕೊಂಡರು, ಯಾವ ವಿಶ್ವವಿದ್ಯಾಲಯ, ಯಾರ ಮಾರ್ಗದರ್ಶನ, ಯಾವ ಹುದ್ದೆ ಎಂದು ವಿಚಾರಿಸತೊಡಗಿದರು. ಅದರಲ್ಲಿ ದುರುದ್ದೇಶ ಎಳ್ಳಷ್ಟೂ ಇರಲಿಲ್ಲ. ಅವರು ತಮ್ಮ ಮನೆಯ ಭಾಷೆಗೆ ಮರಳಿದ್ದರು, ಅಷ್ಟೇ. ಆದರೆ ಪ್ರಾಧ್ಯಾಪಕರು ಮತ್ತೆ ಪ್ರಾಧ್ಯಾಪಕರಾದರು. ಪ್ರೌಢಶಾಲೆಯ ಹುಡುಗ ಅವರನ್ನು ಪದವಿಯ ಸಮೇತ ಸಂಬೋಧಿಸಿದ, ಮತ್ತು ಅವನ ದನಿ ತಗ್ಗಿತ್ತು. ಹಿಂದಿನ ರಾತ್ರಿ ಇವರಿಬ್ಬರೂ ರೋಮಿನ ಇತಿಹಾಸಕಾರ ಟ್ಯಾಸಿಟಸ್‌ನ ಬಗ್ಗೆ ಸರಿಸಮನಾಗಿ ಜಗಳವಾಡಿದ್ದನ್ನು ನಾವೆಲ್ಲ ಕೇಳಿದ್ದೆವು.

ಹಂಗೇರಿಯ ಶಿಕ್ಷಕಿ ಗುಂಪಿನ ಅಂಚಿಗೆ ಸರಿದಿದ್ದರು. ಯಾರೋ ಅವರನ್ನು ಇಂಗ್ಲಿಷಿನಲ್ಲಿ ಮಾತನಾಡಿಸಿದರು. ಅವರು ಉತ್ತರಿಸಿದರು, ಆದರೆ ಆ ಉತ್ತರದಲ್ಲಿ ಕತೆಗಾರ್ತಿ ಇರಲಿಲ್ಲ. ಬೇಕಾದಷ್ಟೇ ಪದಗಳು, ಒಂದು ನಗು, ಕ್ಷಮೆ ಕೇಳುವಂಥ ಮುಖ. ನಮಗೆಲ್ಲ ಪರಿಚಯವಾಗಿದ್ದ ವ್ಯಕ್ತಿಯನ್ನು ಆ ಭಾಷೆ ತಲುಪಿಸಲಿಲ್ಲ. ಅವರ ಇಂಗ್ಲಿಷಿನಲ್ಲಿ ದೋಷವಿತ್ತು ಎಂದು ನಾನು ಹೇಳುತ್ತಿಲ್ಲ. ಲ್ಯಾಟಿನ್ನಿನಲ್ಲಿ ಎಲ್ಲರೂ ಅವರಿಗಾಗಿ ಕಾಯುತ್ತಿದ್ದರು, ಇಂಗ್ಲಿಷಿನಲ್ಲಿ ಯಾರೂ ಕಾಯಲಿಲ್ಲ. ತಡವರಿಕೆ ಎಲ್ಲರದೂ ಆಗಿದ್ದಾಗ ಅದು ಮಾತಿನ ಸಹಜ ಗತಿಯಾಗಿತ್ತು. ಕೆಲವರದು ಮಾತ್ರವಾದಾಗ ಅದು ಅವರ ಕೊರತೆಯಾಯಿತು. ಪ್ರತಿಜ್ಞೆಯನ್ನು ಕಲಿಕೆಯ ಒಂದು ಉಪಾಯವೆಂದು ಮಾತ್ರ ಭಾವಿಸಿದ್ದ ನನಗೆ, ಅದು ಅಷ್ಟು ದಿನ ನಮ್ಮೆಲ್ಲರ ನಡುವೆ ಎಂಥ ನ್ಯಾಯವನ್ನು ಕಾಯ್ದುಕೊಂಡಿತ್ತು ಎಂಬುದು ಅದು ಮುಗಿದ ಮೇಲೆಯೇ ಸ್ಪಷ್ಟವಾಯಿತು.

2013ರ ಫೆಬ್ರವರಿ 11ರಂದು ಹದಿನಾರನೆಯ ಬೆನೆಡಿಕ್ಟ್ ಪೋಪರು ತಮ್ಮ ರಾಜೀನಾಮೆಯನ್ನು ಲ್ಯಾಟಿನ್ನಿನಲ್ಲಿ ಓದಿದಾಗ, ಇಟಲಿಯ ಸುದ್ದಿಸಂಸ್ಥೆಯೊಂದರ ವರದಿಗಾರ್ತಿ ಜೊವಾನ್ನಾ ಕಿರ್ರಿ ಅದನ್ನು ಕೇಳಿಯೇ ಅರ್ಥಮಾಡಿಕೊಂಡು ಜಗತ್ತಿಗೆ ಮೊದಲು ತಿಳಿಸಿದರು. ಲ್ಯಾಟಿನ್ ಶಿಕ್ಷಕರು ವಿದ್ಯಾರ್ಥಿಗಳನ್ನು ಹುರಿದುಂಬಿಸಲು ಈ ಪ್ರಸಂಗವನ್ನು ಹೇಳುವುದುಂಟು, ನನಗೂ ಅದು ಇಷ್ಟವೇ. ಆದರೆ ಈ ಭಾಷೆಯ ಪರವಾಗಿ ವಾದಿಸಲು ಅಂಥ ಅಪರೂಪದ ಲಾಭಗಳನ್ನು ಹುಡುಕಬೇಕಾಗಿಲ್ಲ ಎಂದು ಈಗ ಅನ್ನಿಸುತ್ತದೆ. ಬೇರೆ ಬೇರೆ ತಾಯ್ನುಡಿಗಳ ಜನ ಒಂದೇ ಮೇಜಿನ ಸುತ್ತ ಕುಳಿತು, ಯಾರೂ ಆತಿಥೇಯರಲ್ಲದೆ, ಯಾರೂ ಅತಿಥಿಗಳಲ್ಲದೆ ಮಾತನಾಡಬಹುದು ಎಂಬುದೇ ಸಾಕಷ್ಟು ದೊಡ್ಡ ಕಾರಣ.

ವಿಮಾನ ನಿಲ್ದಾಣಕ್ಕೆ ಹೋಗುವ ಗಾಡಿಯಲ್ಲಿ ನನಗೂ ಆ ಶಿಕ್ಷಕಿಗೂ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ನಾನು ಲ್ಯಾಟಿನ್ನಿನಲ್ಲಿ ಒಂದು ಪ್ರಶ್ನೆ ಕೇಳಿದೆ, ಅವರು ದೀರ್ಘವಾಗಿ ಉತ್ತರಿಸಿದರು, ನಿಲ್ದಾಣ ಬರುವವರೆಗೂ ಆ ಮಾತು ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿದ್ದ ಪ್ರೌಢಶಾಲೆಯ ಹುಡುಗ ಅರ್ಧದಾರಿಯಲ್ಲಿ ಹಿಂದಕ್ಕೆ ತಿರುಗಿ ಸೇರಿಕೊಂಡ. ಮೂವರೂ ವಾರಕ್ಕೊಮ್ಮೆ ಫೋನಿನಲ್ಲಿ ಸೇರಿ ಓದೋಣ, ಲ್ಯಾಟಿನ್ ಮಾತ್ರ ಮಾತನಾಡೋಣ ಎಂದು ಗೊತ್ತುಮಾಡಿಕೊಂಡೆವು. ರೋಮಿನ ಲೇಖಕ ಕಿರಿಯ ಪ್ಲಿನಿಯ ಪತ್ರಗಳನ್ನು ಓದಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಅವು ಚಿಕ್ಕವು, ಒಂದೊಂದೂ ತನ್ನಷ್ಟಕ್ಕೆ ಪೂರ್ಣವಾದದ್ದು, ದೂರದಲ್ಲಿರುವ ಸ್ನೇಹಿತರಿಗೆಂದೇ ಬರೆದವು. ವಿಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಅವನ ಸೋದರಮಾವ ತೀರಿಕೊಂಡದ್ದನ್ನು ಹೇಳುವ ಪತ್ರದಿಂದ ಆರಂಭಿಸೋಣ ಎಂದು ಹುಡುಗ ಹೇಳಿದ. ಎಲ್ಲರೂ ಅದನ್ನೇ ಓದುತ್ತಾರೆ, ಮೊದಲನೆಯ ಪತ್ರದಿಂದಲೇ ಹೊರಡಬೇಕು ಎಂದು ಶಿಕ್ಷಕಿ ಪಟ್ಟುಹಿಡಿದರು. ಆ ಮೊದಲ ಪತ್ರದಲ್ಲಿ ಪ್ಲಿನಿ, ಈ ಪತ್ರಗಳನ್ನು ಕಾಲಾನುಕ್ರಮ ನೋಡದೆ ಕೈಗೆ ಸಿಕ್ಕಂತೆ ಒಟ್ಟುಮಾಡಿದ್ದೇನೆ ಎಂದು ಬರೆದಿದ್ದಾನೆ, ಅವನ ಮಾತನ್ನೇ ಪಾಲಿಸುವುದಾದರೆ ನಾವೂ ಎಲ್ಲಿಂದ ಬೇಕಾದರೂ ಓದಬಹುದಲ್ಲ ಎಂದು ಹುಡುಗ ತಿರುಗಿ ಕೇಳಿದ. ನಿಲ್ದಾಣದ ಬಾಗಿಲಲ್ಲಿ ಸಾಮಾನು ಇಳಿಸುವಾಗಲೂ ಅವರಿಬ್ಬರ ವಾದ ನಡೆದೇ ಇತ್ತು. ನಾನು ಶಿಕ್ಷಕಿಯ ಕಡೆ ನಿಂತೆ. ಮೊದಲ ಪತ್ರಕ್ಕೆ ಭಾನುವಾರ ಎಂದು ತೀರ್ಮಾನವಾಯಿತು, ಹಂಗೇರಿಯಲ್ಲಿ ಸಂಜೆಯಾಗಿ ಅಮೆರಿಕದಲ್ಲಿ ಮಧ್ಯಾಹ್ನವಾಗಿರುವ ಹೊತ್ತಿಗೆ.